‘ಸಾಕು’ ಎಂದು ಹೇಳುವವರಾರು?

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಪ್ರಾಥಮಿಕ ಶಾಲೆಯಲ್ಲಿಯೇ ಕಲಿತವರು; ಪರೀಕ್ಷೆಯಲ್ಲಿ ಅದನ್ನು ಒಂದು ಪುಟದಷ್ಟು ವಿಸ್ತರಿಸಿ ಬರೆದು ಅಂಕ ಗಳಿಸಿದವರು. ಆದರೆ ಊಟವನ್ನು ಬಲ್ಲುದೆಂದರೇನು? ಬಲ್ಲವರು ಯಾರು? ಉಣ್ಣುವ ಮನುಷ್ಯನೋ, ಅವನ ಹೊಟ್ಟೆಯೋ? ಈ ಪ್ರಶ್ನೆಯನ್ನು ಯಾವ ಪ್ರಶ್ನಪತ್ರಿಕೆಯಲ್ಲಿಯೂ ನಾನು ಕಂಡುದಿಲ್ಲ. ಅದು ನನ್ನ ಮುಂದೆ ಬಂದು ನಿಂತುದು ನಮ್ಮ ಮನೆಯ ಊಟದ ಪಂಕ್ತಿಯಲ್ಲಿ. ಇತಿಹಾಸ ಮತ್ತು ಅರ್ಥಶಾಸ್ತ್ರಗಳನ್ನು ಓದುತ್ತಿರುವ ಕಲಾವಿಭಾಗದ ವಿದ್ಯಾರ್ಥಿನಿಯೊಬ್ಬಳು ಶರೀರಶಾಸ್ತ್ರದ ವಿಷಯವನ್ನು ಬರೆಯಹೊರಟಿರುವುದನ್ನು ಕಂಡು ವಾಚಕರು ನಗಬಾರದಾಗಿ ಕೇಳಿಕೊಳ್ಳುತ್ತೇನೆ. ಕಾರಣವನ್ನು ತಿಳಿದಮೇಲೆ ನಗಲಾರರೆಂದು ನಂಬಿದ್ದೇನೆ.

ಮಂಗಳೂರಿನಿಂದ ಮೂಡುಬಿದಿರೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಕುಲಶೇಖರ ನಮ್ಮ ಊರು. 1873ರಲ್ಲಿ ಸ್ಥಾಪನೆಗೊಂಡ ಕೊರ್ಡೆಲ್ ಇಗರ್ಜಿಯಿಂದಲೂ, ಜಿಲ್ಲೆಯ ಹಾಲು ಒಕ್ಕೂಟದ ಡೈರಿಯಿಂದಲೂ ಹೆಚ್ಚಿನವರಿಗೆ ಅದರ ಪರಿಚಯವಿರುತ್ತದೆ. ನನ್ನ ಅಜ್ಜಿ ಹುಡುಗಿಯಾಗಿದ್ದಾಗಲೇ ಹಂಚಿನ ಕಾರ್ಖಾನೆಯೊಂದರಲ್ಲಿ ಮಣ್ಣು ಹೊತ್ತವರು. ಅವರ ಒಬ್ಬನೇ ಮಗ, ಎಂದರೆ ನನ್ನ ಸೋದರಮಾವ, ಚಿಕ್ಕ ಪ್ರಾಯದಲ್ಲಿಯೇ ಕೊಲ್ಲಿ ದೇಶಕ್ಕೆ ಹೋಗಿ ಊಟ ಒದಗಿಸುವ ಕಂಪೆನಿಯೊಂದರ ಅಡಿಗೆಮನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ದುಡಿದರು. ಅಲ್ಲಿ ಅವರ ಮೈ ಬೆಳೆಯುತ್ತ ಹೋಯಿತು, ಸಕ್ಕರೆ ಕಾಯಿಲೆ ಬಂತು, ಮೊಣಕಾಲು ಸೋತಿತು. 2010ರಲ್ಲಿ ಅಲ್ಲಿಯ ವೈದ್ಯರು ಅವರ ಜಠರಕ್ಕೆ ಒಂದು ಪಟ್ಟಿಯನ್ನು ತೊಡಿಸಿದರು. ಅದನ್ನು ‘ಗ್ಯಾಸ್ಟ್ರಿಕ್ ಬ್ಯಾಂಡ್’ ಎನ್ನುತ್ತಾರೆ. ಈ ಲೇಖನದಲ್ಲಿ ನಾನು ‘ಜಠರಪಟ್ಟಿ’ ಎಂದು ಕರೆಯುವೆ.

ಮರುವರ್ಷ ಮಾವ ರಜೆಯಲ್ಲಿ ಬಂದಾಗ ನನಗೆ ಆರೇಳು ವರ್ಷ. ಆ ಮಧ್ಯಾಹ್ನದ ಊಟ ನನಗೆ ಚೆನ್ನಾಗಿ ನೆನಪಿದೆ. ಅಜ್ಜಿ ಬೆಳಗಿನಿಂದ ಒಲೆಯ ಮುಂದೆ ಕುಳಿತು ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಬಸಳೆಯ ಪದಾರ್ಥ ಎಲ್ಲವನ್ನೂ ಮಾಡಿದ್ದರು. ಮಾವ ನಾಲ್ಕು ತುತ್ತು ಉಂಡರು. ಒಂದೊಂದು ತುತ್ತನ್ನೂ ಬಹಳ ಹೊತ್ತು ಜಗಿದರು. ಆಮೇಲೆ ಎಲೆಯ ಮೇಲೆ ಕೈಯಿಟ್ಟು ‘ಹೊಟ್ಟೆ ತುಂಬಿತು’ ಎಂದರು.

“ನಾಲ್ಕು ತುತ್ತಿಗೆ ತುಂಬುವ ಹೊಟ್ಟೆ ಯಾವುದು? ಎಲೆಯಲ್ಲಿ ಅನ್ನ ಬಿಡುವಷ್ಟು ದೊಡ್ಡವನಾದೆಯಾ ಮಗಾ?” ಎಂದರು ಅಜ್ಜಿ. ಮಾವ ಉತ್ತರ ಕೊಡಲಿಲ್ಲ. ಗಂಜಿಯ ತಿಳಿಯನ್ನು ಕುಡಿದು ಮಲಗಿದ ದಿನಗಳನ್ನು ಕಂಡ ಅಜ್ಜಿಗೆ, ಎಲೆಯಲ್ಲಿ ಬಿಟ್ಟ ಅನ್ನವು ಮಗ ತಮಗೆ ಮಾಡಿದ ಅವಮಾನದಂತೆಯೇ ತೋರಿರಬೇಕು. ಆ ಎಲೆಯನ್ನು ತೆಗೆಯುವಾಗ ಅವರ ಕಣ್ಣು ತುಂಬಿದ್ದಿತು.

ಹದಿಮೂರು ವರ್ಷಗಳ ಬಳಿಕ, 2024ರಲ್ಲಿ, ಊರಿಗೆ ಮರಳಿ ಬಂದು ನೆಲೆಸಿದ್ದ ಮಾವನಿಗೆ ರಾತ್ರಿ ಹೊತ್ತು ಎದೆಯುರಿಯೂ ವಾಂತಿಯೂ ಆರಂಭವಾದವು. ಪರೀಕ್ಷಿಸಿದ ವೈದ್ಯರು ಪಟ್ಟಿಯೊಳಗಿನ ನೀರನ್ನು ತೆಗೆದು, ಇಂಗ್ಲಿಷಿನಲ್ಲಿ ಬರೆದ ಒಂದು ಕಾಗದವನ್ನು ಕೊಟ್ಟು ಕಳುಹಿಸಿದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದುದರಿಂದ ಆ ಕಾಗದ ನೇರವಾಗಿ ನನ್ನ ಕೈಗೆ ಬಂತು. ಪ್ರತಿಯೊಂದು ಶಬ್ದವನ್ನೂ ಓದಬಲ್ಲೆನಾದರೂ ಅರ್ಥವನ್ನು ಹೇಳಲಾರದೆ ಹೋದೆ. “ನೀರು ತೆಗೆದಿದ್ದಾರೆ” ಎಂದೆ. “ಹೊಟ್ಟೆಗೆ ನೀರು ತುಂಬಿತ್ತೇ?” ಎಂದು ಅಜ್ಜಿ ಗಾಬರಿಯಾದರು. ಅಂದು ನನಗಾದ ನಾಚಿಕೆಯ ಫಲವೇ ಈ ಲೇಖನ. ಆಮೇಲೆ ಗ್ರಂಥಾಲಯದ ಶರೀರಶಾಸ್ತ್ರದ ಪುಸ್ತಕಗಳನ್ನೂ, ಮಾವನ ವೈದ್ಯರನ್ನೂ ಸಾಕಷ್ಟು ಪೀಡಿಸಿ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮಾತನ್ನೇ ಸ್ವಲ್ಪ ಗಮನಿಸೋಣ. ಊಟ ಮುಗಿಯಿತೆಂದು ತಿಳಿಸಲು ಕನ್ನಡದಲ್ಲಿ ನಮಗೆ ಎರಡು ಮಾತುಗಳಿವೆ: ‘ಹೊಟ್ಟೆ ತುಂಬಿತು’ ಎಂಬುದೊಂದು, ‘ಸಾಕು’ ಎಂಬುದಿನ್ನೊಂದು. ನಮ್ಮ ಮನೆಯ ತುಳುವಿನಲ್ಲಿಯೂ ಹಾಗೆಯೇ, ‘ಬಂಜಿ ದಿಂಜಿಂಡ್’ ಎಂದೂ ಹೇಳುತ್ತೇವೆ, ‘ಯಾವು’ ಎಂದೂ ಹೇಳುತ್ತೇವೆ. ಇವೆರಡೂ ಒಂದೇ ಎಂದು ನಾವು ಎಣಿಸಿದ್ದೇವೆ. ಆದರೆ ಮೊದಲನೆಯದು ಪಾತ್ರೆಯ ಸುದ್ದಿ. ಎರಡನೆಯದು ಮನುಷ್ಯನಿಗೆ ಬಂದು ಮುಟ್ಟುವ ಸಂದೇಶ. ತುಂಬುವುದು ಬೇರೆ, ಸಾಕಾಗುವುದು ಬೇರೆ. ಜಠರಪಟ್ಟಿಯ ರಹಸ್ಯವೆಲ್ಲ ಈ ವ್ಯತ್ಯಾಸದಲ್ಲಿಯೇ ಅಡಗಿದೆ.

ಹೊಟ್ಟೆಯು ಮಡಕೆಯಂತೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಮಡಕೆಯಾದರೋ ಕಂಠದವರೆಗೆ ತುಂಬಿದ ಬಳಿಕ ಹೊರಚೆಲ್ಲುವುದು. ಅದರ ಗಾತ್ರ ಬದಲಾಗದು. ಜಠರದ ಸ್ವಭಾವ ಹಾಗಲ್ಲ. ಬರಿದಾಗಿರುವಾಗ ಅದು ಮುದುಡಿಕೊಂಡು ಒಂದು ಸಣ್ಣ ಲೋಟದಷ್ಟೂ ಇರುವುದಿಲ್ಲ. ಆಹಾರ ಬಂದಂತೆ ಹಿಗ್ಗಿ ಒಂದು ಲೀಟರಿಗೂ ಮಿಕ್ಕಿ ಹಿಡಿಯಬಲ್ಲದು. ಮೇಲಾಗಿ, ತುತ್ತು ಅನ್ನನಾಳದಲ್ಲಿ ಇಳಿಯುತ್ತಿರುವಾಗಲೇ ಜಠರದ ಮೇಲ್ಭಾಗವು ತನ್ನ ಸ್ನಾಯುಗಳನ್ನು ಸಡಿಲಿಸಿ, ಬರುವ ಅತಿಥಿಗೆ ಜಾಗ ಮಾಡಿಕೊಡುತ್ತದೆ. ಈ ಸೌಜನ್ಯದ ದೆಸೆಯಿಂದ, ಸಾಕಷ್ಟು ಅನ್ನ ಒಳಸೇರಿದರೂ ಒಳಗಿನ ಒತ್ತಡ ಬಹಳ ಹೆಚ್ಚುವುದಿಲ್ಲ. ಒತ್ತಡ ಹೆಚ್ಚದಿದ್ದರೆ ಸುದ್ದಿಯೂ ಜೋರಾಗಿ ಹೋಗದು.

ಹಸಿವನ್ನು ಪ್ರಯೋಗಶಾಲೆಗೆ ತಂದವರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಪ್ರಮುಖರು. ಅವರ ಶಿಷ್ಯ ವಾಷ್‌ಬರ್ನ್ ಎಂಬವರು ಒಂದು ರಬ್ಬರಿನ ಬಲೂನನ್ನು ನುಂಗಿ, ಅದನ್ನು ಜಠರದೊಳಗೆ ಊದಿಸಿಕೊಂಡು, ಜಠರ ಹಿಂಡುವುದನ್ನು ನಳಿಕೆಯ ಮೂಲಕ ದಾಖಲಿಸಿದರು. ಹಸಿವಿನ ಸಂಕಟ ಕಾಣಿಸಿಕೊಂಡ ಹೊತ್ತೂ ಜಠರ ಹಿಂಡಿದ ಹೊತ್ತೂ ಹೊಂದಿಕೊಂಡುವು. 1912ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಹಸಿವೆಂದರೆ ಬರಿದಾದ ಜಠರದ ಹಿಂಡುವಿಕೆಯೇ ಎಂದು ಬಹು ಮಂದಿ ನಂಬಿದರು. ಆದರೆ 1931ರಲ್ಲಿ ವಾಂಗೆನ್‌ಸ್ಟೀನ್ ಮತ್ತು ಕಾರ್ಲ್‌ಸನ್ ಎಂಬವರು ಜಠರವನ್ನು ಪೂರ್ತಿಯಾಗಿ ತೆಗೆದುಹಾಕಿದ ರೋಗಿಯೊಬ್ಬನಿಗೂ ಹಸಿವಾಗುತ್ತಿದ್ದುದನ್ನು ವರದಿಮಾಡಿದರು. ಪಾತ್ರೆಯೇ ಇಲ್ಲದಿದ್ದರೂ ಹಸಿವು ಉಳಿಯಿತು! ಹಾಗಾದರೆ ಹಸಿವು, ತೃಪ್ತಿ ಎರಡಕ್ಕೂ ಯಜಮಾನನು ಮಿದುಳೇ ಸರಿ. ಹೊಟ್ಟೆಯು ಅಲ್ಲಿಗೆ ಸುದ್ದಿ ಕಳುಹಿಸುವ ಹಲವು ಕಚೇರಿಗಳಲ್ಲಿ ಒಂದು.

ಆ ಸುದ್ದಿಗಳು ಯಾವುವು? ಅವು ಎರಡು ದಾರಿಗಳಲ್ಲಿ ಹೋಗುತ್ತವೆ. ಒಂದು ರಕ್ತದ ದಾರಿ. ಆಹಾರ ಸಣ್ಣ ಕರುಳನ್ನು ತಲಪಿದಾಗ ಅದರ ಗೋಡೆಯಿಂದ ಕೊಲೆಸಿಸ್ಟೊಕೈನಿನ್, ಜಿ.ಎಲ್.ಪಿ.-1 ಮೊದಲಾದ ರಸದೂತಗಳು ಹೊರಟು ‘ಆಹಾರ ಬಂದಿದೆ’ ಎಂದು ತಿಳಿಸುತ್ತವೆ. ಇವುಗಳಲ್ಲಿ ಮೊದಲನೆಯದನ್ನು ಚುಚ್ಚಿದರೆ ಇಲಿಗಳು ಕಡಮೆ ತಿನ್ನುವುದೆಂದು 1973ರಲ್ಲಿ ಕಂಡುಬಂತು. ಕೊಬ್ಬಿನ ಸಂಗ್ರಹದ ಲೆಕ್ಕವನ್ನು ಒಪ್ಪಿಸುವ ಲೆಪ್ಟಿನ್ ಎಂಬುದು ಗೊತ್ತಾದುದು 1994ರಲ್ಲಿ. ಇದಕ್ಕೆ ಪ್ರತಿಯಾಗಿ ‘ಹಸಿದಿದ್ದೇನೆ’ ಎಂದು ಕೂಗುವ ಗ್ರೆಲಿನ್ ಎಂಬುದನ್ನು ಜಪಾನಿನ ಕೊಜಿಮ, ಕಂಗಾವ ಎಂಬ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದರು. ಅದು ಮುಖ್ಯವಾಗಿ ಜಠರದಿಂದಲೇ ಹೊರಡುವುದು.

ಇನ್ನೊಂದು ನರದ ದಾರಿ. ಮಿದುಳಿನ ಬುಡದಿಂದ ಹೊರಟು, ಕುತ್ತಿಗೆ ಎದೆಗಳನ್ನು ಹಾದು, ಹೊಟ್ಟೆಯವರೆಗೆ ಹರಡಿರುವ ಒಂದು ನೀಳವಾದ ನರವಿದೆ. ಅದಕ್ಕೆ ‘ವೇಗಸ್’ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಅಲೆಮಾರಿ ಎಂದರ್ಥ. ಈ ನರ ಮಿದುಳಿನ ಅಪ್ಪಣೆಗಳನ್ನು ಕೆಳಕ್ಕೆ ಒಯ್ಯುವುದಕ್ಕಿಂತ ಹೆಚ್ಚಾಗಿ ಕೆಳಗಿನ ಅಹವಾಲುಗಳನ್ನು ಮೇಲಕ್ಕೆ ಒಯ್ಯುತ್ತದೆ. ಅದರ ಹತ್ತು ಎಳೆಗಳಲ್ಲಿ ಸುಮಾರು ಎಂಟು ಮೇಲ್ಮುಖವಾದವು. ಜಠರದ ಗೋಡೆಯ ಸ್ನಾಯುಪದರಗಳ ನಡುವೆ ಈ ನರದ ತುದಿಗಳು ಹರಡಿಕೊಂಡು, ಗೋಡೆ ಎಷ್ಟು ಬಿಗಿಯಿತೆಂಬುದನ್ನು ಕ್ಷಣಕ್ಷಣಕ್ಕೂ ಅಳೆಯುತ್ತಿರುತ್ತವೆ. ಅನ್ನನಾಳ ಜಠರವನ್ನು ಸೇರುವ ಮೇಲ್ಭಾಗದಲ್ಲಿ ಇವು ಧಾರಾಳವಾಗಿವೆ. ಈ ಸ್ಥಳವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಈ ಸುದ್ದಿಗಳೆಲ್ಲ ಕೂಡಿ ಮಿದುಳಿನಲ್ಲಿ ‘ಸಾಕು’ ಎಂಬ ತೀರ್ಮಾನವಾಗಲು ಹದಿನೈದು ಇಪ್ಪತ್ತು ನಿಮಿಷಗಳು ಬೇಕೆಂದು ಹೇಳುತ್ತಾರೆ. ಮಾವನಂತೆ ಎರಡು ಪಾಳಿಗಳ ನಡುವೆ ನಿಂತುಕೊಂಡೇ ಹತ್ತು ನಿಮಿಷದಲ್ಲಿ ಉಂಡು ಓಡುವವರ ಪಾಲಿಗೆ ಸುದ್ದಿ ಮುಟ್ಟುವ ಮೊದಲೇ ಊಟ ಮುಗಿದಿರುತ್ತದೆ. ಹೊಟ್ಟೆಯ ಎರಡು ಪಾಲನ್ನು ಅನ್ನದಿಂದಲೂ ಒಂದು ಪಾಲನ್ನು ನೀರಿನಿಂದಲೂ ತುಂಬಿ, ನಾಲ್ಕನೆಯ ಪಾಲನ್ನು ವಾಯುವಿಗೆ ಬಿಡಬೇಕೆಂದು ವಾಗ್ಭಟನ ‘ಅಷ್ಟಾಂಗಹೃದಯ’ದಲ್ಲಿ ಹೇಳಿದೆ. ತುಂಬುವ ಮೊದಲೇ ನಿಲ್ಲಿಸಬೇಕೆಂಬ ಈ ವಿಧಿ ಉತ್ತಮವಾದುದೇ. ಆದರೆ ಅದನ್ನು ಪಾಲಿಸಲು ಸುದ್ದಿ ಸಕಾಲಕ್ಕೆ ಕಿವಿಗೆ ಬೀಳಬೇಕಷ್ಟೆ.

ಈಗ ಪಟ್ಟಿಯ ವಿಚಾರಕ್ಕೆ ಬರೋಣ. ಅದು ಸಿಲಿಕೋನಿನಿಂದ ಮಾಡಿದ ಬಳೆಯಂಥ ವಸ್ತು. ಅನ್ನನಾಳ ಜಠರವನ್ನು ಸೇರುವಲ್ಲಿಂದ ತುಸುವೇ ಕೆಳಗೆ ಅದನ್ನು ಜಠರದ ಸುತ್ತ ತೊಡಿಸುತ್ತಾರೆ. ಹಾಗೆ ತೊಡಿಸಿದಾಗ ಪಟ್ಟಿಯ ಮೇಲ್ಗಡೆ ಜಠರದ ಒಂದು ಪುಟ್ಟ ಚೀಲ ಉಳಿಯುತ್ತದೆ. ಅದರಲ್ಲಿ ಹಿಡಿಯುವುದು 15ರಿಂದ 30 ಮಿಲಿಲೀಟರ್, ಎಂದರೆ ಒಂದೆರಡು ದೊಡ್ಡ ಚಮಚೆಗಳಷ್ಟು ಮಾತ್ರ. ಜಠರವನ್ನು ಕತ್ತರಿಸುವುದಿಲ್ಲ, ಹೊಲಿದು ಮುಚ್ಚುವುದೂ ಇಲ್ಲ. ಬಳೆಯ ಒಳಮೈಯಲ್ಲಿ ಸೈಕಲ್ ಟ್ಯೂಬಿನಂಥ ಒಂದು ಪೊಳ್ಳು ಇದೆ. ಅಲ್ಲಿಂದ ಒಂದು ಸಪೂರ ನಳಿಗೆ ಹೊರಟು, ಹೊಟ್ಟೆಯ ಚರ್ಮದ ಅಡಿಯಲ್ಲಿ ಸ್ನಾಯುವಿಗೆ ಬಿಗಿದಿರುವ ಒಂದು ಬಿಲ್ಲೆಯನ್ನು ಸೇರುತ್ತದೆ. ವೈದ್ಯರು ಚರ್ಮದ ಮೂಲಕ ಆ ಬಿಲ್ಲೆಗೆ ಸೂಜಿ ಚುಚ್ಚಿ, ಕೆಲವು ಮಿಲಿಲೀಟರ್ ಸಲೈನ್ ನೀರನ್ನು ತುಂಬಿದರೆ ಬಳೆ ಬಿಗಿಯಾಗುವುದು, ತೆಗೆದರೆ ಸಡಿಲವಾಗುವುದು. ಮಾವನ ಕಾಗದದಲ್ಲಿದ್ದ ‘ನೀರು’ ಇದುವೇ.

ಹೀಗೆ ಬಿಗಿಮಾಡಬಹುದಾದ ಪಟ್ಟಿಯನ್ನು ಸ್ವೀಡನ್ನಿನಲ್ಲಿ ಹಾಲ್‌ಬರ್ಗ್ ಮತ್ತು ಫೋರ್ಸೆಲ್ ಎಂಬವರು 1985ರಲ್ಲಿಯೂ, ಅಮೆರಿಕದಲ್ಲಿ ಲುಬೊಮಿರ್ ಕುಜ್ಮಾಕ್ ಎಂಬ ಶಸ್ತ್ರವೈದ್ಯರು 1986ರಲ್ಲಿಯೂ ಬಳಕೆಗೆ ತಂದರು. ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ, ಸಣ್ಣ ರಂಧ್ರಗಳ ಮೂಲಕ ಲ್ಯಾಪರೊಸ್ಕೋಪಿನ ಸಹಾಯದಿಂದ ಅದನ್ನು ತೊಡಿಸಿದುದು 1993ರಲ್ಲಿ, ಬೆಲ್ಜಿಯಮ್ಮಿನ ಹ್ಯೂಯಿ ಎಂಬ ಊರಿನಲ್ಲಿ. ಆ ವೈದ್ಯರ ಹೆಸರು ಮಿಟಿಕು ಬೆಲಾಚೆವ್. ಅವರು ಇಥಿಯೋಪಿಯದಲ್ಲಿ ಹುಟ್ಟಿದವರು. ಕ್ಷಾಮದ ಸುದ್ದಿಗಳಿಂದಲೇ ಲೋಕಕ್ಕೆ ಪರಿಚಿತವಾದ ದೇಶದಲ್ಲಿ ಹುಟ್ಟಿದವರು ಅತಿಪುಷ್ಟಿಯ ರೋಗಕ್ಕೆ ಈ ಕೈಕೆಲಸವನ್ನು ಕಲಿಸಿದುದು ವಿಚಿತ್ರವಾಗಿ ಕಾಣುವುದಿಲ್ಲವೇ? 2001ರಲ್ಲಿ ಅಮೆರಿಕದ ಸರಕಾರವೂ ಪಟ್ಟಿಗೆ ಒಪ್ಪಿಗೆಯಿತ್ತಿತು.

ಪಟ್ಟಿಯು ಹೇಗೆ ಕೆಲಸಮಾಡುತ್ತದೆ? ಮಾವ ನಮಗೆಲ್ಲ ಹೇಳಿದ್ದ ವಿವರಣೆ ಸುಲಭವಾಗಿತ್ತು. ಮೇಲಿನ ಪುಟ್ಟ ಚೀಲ ನಾಲ್ಕು ತುತ್ತಿಗೆ ತುಂಬುವುದು, ಇಕ್ಕಟ್ಟಿನ ದಾರಿಯಲ್ಲಿ ಅನ್ನ ಗಂಟೆಗಟ್ಟಲೆ ನಿಧಾನವಾಗಿ ಇಳಿಯುವುದು, ಅದುವರೆಗೆ ಹಸಿವಿಲ್ಲ. ಮರಳು ಗಡಿಯಾರದ ಹಾಗೆ. ವೈದ್ಯರೂ ಬಹುಕಾಲ ಹೀಗೆಯೇ ತಿಳಿದಿದ್ದರು; ರೋಗಿಗಳಿಗೆ ಹೀಗೆಯೇ ಕಲಿಸುತ್ತಿದ್ದರು. ಎಂದರೆ ದೊಡ್ಡ ಮಡಕೆಯನ್ನು ಚಿಕ್ಕ ಮಡಕೆಯನ್ನಾಗಿ ಮಾಡಿದರೆಂದೇ ಭಾವನೆ.

ಈ ಭಾವನೆ ತಪ್ಪೆಂದು ತೋರಿಸಿದವರು ಆಸ್ಟ್ರೇಲಿಯದ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾನಿಲಯದಲ್ಲಿ ಪಾಲ್ ಓಬ್ರಯನ್, ಪಾಲ್ ಬರ್ಟನ್ ಮೊದಲಾದವರು. ಅವರು ಪಟ್ಟಿ ತೊಟ್ಟವರ ಅನ್ನನಾಳದೊಳಗೆ ಒತ್ತಡವನ್ನಳೆಯುವ ನಳಿಗೆಯನ್ನಿಳಿಸಿ, ಒಂದೊಂದು ತುತ್ತು ಇಳಿಯುವ ರೀತಿಯನ್ನು ಪರೀಕ್ಷಿಸಿದರು; ಆಹಾರ ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ಚಿತ್ರಗಳಲ್ಲಿ ಹಿಂಬಾಲಿಸಿದರು. ಆಗ ಕಂಡುದು ಬೇರೆಯೇ. ಪಟ್ಟಿಯ ಬಿಗಿತ ಸರಿಯಾಗಿರುವವರಲ್ಲಿ ಅನ್ನವು ಮೇಲಿನ ಚೀಲದಲ್ಲಿ ಕುಳಿತಿರುವುದೇ ಇಲ್ಲ. ತುತ್ತು ಬಂದೊಡನೆ ಅನ್ನನಾಳವು ಅಲೆಯಂತೆ ಹಿಂಡಿ ಅದನ್ನು ಪಟ್ಟಿಯ ಮೂಲಕ ಕೆಳಕ್ಕೆ ತಳ್ಳುತ್ತದೆ. ಒಂದೇ ಹಿಂಡುವಿಕೆಗೆ ತುತ್ತೆಲ್ಲ ದಾಟುವುದಿಲ್ಲ. ಸ್ವಲ್ಪ ದಾಟಿ, ಸ್ವಲ್ಪ ಹಿಂದೆ ಉಳಿಯುತ್ತದೆ. ಮತ್ತೆ ಒಂದು ಅಲೆ, ಮತ್ತೂ ಒಂದು. ಹೀಗೆ ಕೆಲವು ಹಿಂಡುವಿಕೆಗಳಲ್ಲಿ, ಸುಮಾರು ಒಂದು ನಿಮಿಷದೊಳಗೆ, ತುತ್ತು ಪೂರ್ತಿಯಾಗಿ ಕೆಳಗಿಳಿದಿರುತ್ತದೆ. ಊಟವಾದ ಸ್ವಲ್ಪ ಹೊತ್ತಿಗೆ ಮೇಲಿನ ಚೀಲ ಬರಿದು! ಆದರೂ ಹಸಿವಿಲ್ಲ.

ಅದು ಹೇಗೆಂದರೆ, ಪ್ರತಿಯೊಂದು ಹಿಂಡುವಿಕೆಯಲ್ಲಿಯೂ ತುತ್ತು ಪಟ್ಟಿಯಿರುವಲ್ಲಿಯ ಗೋಡೆಯನ್ನು ಒತ್ತುತ್ತದೆ. ವೇಗಸ್ ನರದ ತುದಿಗಳು ಧಾರಾಳವಾಗಿರುವ ಸ್ಥಳ ಅದುವೇ ಎಂದು ಮೇಲೆ ಹೇಳಿದೆನಷ್ಟೆ. ನಮ್ಮಲ್ಲಿ ತುತ್ತೊಂದು ಒಂದೇ ಅಲೆಗೆ ಜಾರಿಹೋಗುವಲ್ಲಿ, ಪಟ್ಟಿ ತೊಟ್ಟವರಲ್ಲಿ ಒಂದೇ ತುತ್ತು ನಾಲ್ಕಾರು ಸಲ ಬಾಗಿಲು ತಟ್ಟುತ್ತದೆ. ಇಪ್ಪತ್ತು ತುತ್ತುಗಳಿಗೆ ಇಷ್ಟೊಂದು ತಟ್ಟುವಿಕೆಗಳಾದರೆ ಮಿದುಳಿಗೆ ದೊಡ್ಡ ಊಟದಷ್ಟೇ ಸುದ್ದಿ ಮುಟ್ಟುತ್ತದೆ. ಅಲ್ಲದೆ, ಪಟ್ಟಿಯು ಸುಮ್ಮನಿರುವಾಗಲೂ ಆ ಸ್ಥಳವನ್ನು ಮೆಲ್ಲಗೆ ಒತ್ತಿಕೊಂಡಿರುತ್ತದೆ. ಆ ಒತ್ತಡವು ಪಾದರಸದ ಅಳತೆಯಲ್ಲಿ 25ರಿಂದ 30 ಮಿಲಿಮೀಟರಿನಷ್ಟಿದ್ದರೆ ಸರಿಯೆಂದು ಅವರು ಕಂಡರು. ಆದುದರಿಂದಲೇ ಪಟ್ಟಿಯವರಿಗೆ ಬೆಳಗ್ಗೆ ಬರಿಹೊಟ್ಟೆಯಲ್ಲಿಯೂ ಹಸಿವು ಮಂದವಾಗಿರುತ್ತದೆ. 2005ರಲ್ಲಿ ಇದೇ ವಿಶ್ವವಿದ್ಯಾನಿಲಯದವರು ಪಟ್ಟಿಯಲ್ಲಿ ನೀರಿರುವ ದಿನ ಮತ್ತು ತೆಗೆದ ದಿನಗಳನ್ನು ರೋಗಿಗಳಿಗೆ ತಿಳಿಯದಂತೆ ಹೋಲಿಸಿ ನೋಡಿದಾಗ, ನೀರಿರುವಾಗ ಉಪವಾಸದಲ್ಲಿಯೂ, ಬೆಳಗಿನ ತಿಂಡಿಯ ಬಳಿಕವೂ ತೃಪ್ತಿ ಹೆಚ್ಚಾಗಿ ಕಂಡುಬಂತು.

ಎಂದಮೇಲೆ ಪಟ್ಟಿಯು ಬಾಗಿಲನ್ನು ಮುಚ್ಚುವ ಕಾವಲುಗಾರನಲ್ಲ. ಒಳಗಿನವರಿಗೆ ಕೇಳಿಸುವಂತೆ ಗಂಟೆ ಬಾರಿಸುವವನು. ಮಾವ ಅಂದು ‘ಹೊಟ್ಟೆ ತುಂಬಿತು’ ಎಂದುದು ನಿಜವಲ್ಲ. ಹೊಟ್ಟೆಯ ಬಹುಭಾಗ ಬರಿದೇ ಇತ್ತು. ‘ಸಾಕು’ ಎಂದಿದ್ದರೆ ಅದು ಅಕ್ಷರಶಃ ಸತ್ಯವಾಗುತ್ತಿತ್ತು.

ಈ ಗಂಟೆಯ ಭಾಷೆಗೆ ಊಟದ ರೀತಿಯೂ ಹೊಂದಿಕೊಳ್ಳಬೇಕು. ತುತ್ತು ಚಿಕ್ಕದಾಗಿರಬೇಕು, ಚೆನ್ನಾಗಿ ಜಗಿಯಬೇಕು, ಒಂದು ತುತ್ತು ದಾಟುವವರೆಗೆ, ಎಂದರೆ ಒಂದು ನಿಮಿಷದಷ್ಟು, ಕಾದು ಇನ್ನೊಂದನ್ನು ತೆಗೆದುಕೊಳ್ಳಬೇಕು. ಅವಸರಪಟ್ಟರೆ ತುತ್ತಿನ ಮೇಲೆ ತುತ್ತು ಕುಳಿತು, ಎದೆ ಹಿಡಿದುಕೊಂಡು, ವಾಂತಿಯಾಗುವುದು. ಇದೇ ಅಭ್ಯಾಸವಾದರೆ ಮೇಲಿನ ಚೀಲ ಹಿಗ್ಗಿ ಪಟ್ಟಿ ನಿರುಪಯೋಗಿಯಾಗುವುದು. ಮಾವನಿಗೆ ಕುಚ್ಚಲಕ್ಕಿಯ ಅನ್ನ ಮುದ್ದೆಗಟ್ಟಿ ಕಷ್ಟವಾಗುತ್ತಿತ್ತು. ಮೀನು ಸುಲಭವಾಗಿ ಇಳಿಯುತ್ತಿತ್ತು. ಕೋರಿರೊಟ್ಟಿಯನ್ನು ಸಾರಿನಲ್ಲಿ ಚೆನ್ನಾಗಿ ನೆನೆಸಿದರೆ ಮಾತ್ರ ಆಗುತ್ತಿತ್ತು. ಪಾಯಸ, ಐಸ್‌ಕ್ರೀಮ್, ಶರಬತ್ತುಗಳಾದರೋ ಗಂಟೆಯನ್ನು ಮುಟ್ಟದೆಯೇ ಜಾರಿಹೋಗುವ ಜಾಣರು. ಅವುಗಳ ಮೇಲೆ ಪಟ್ಟಿಯ ಆಳ್ವಿಕೆ ನಡೆಯದು.

ಇನ್ನು ನಮ್ಮ ಮನೆಯ ಕಥೆಗೆ ಮರಳುವೆ. ಪಟ್ಟಿಯು ತಾನಿದ್ದ ಸ್ಥಳದಿಂದ ಜಾರಿದೆಯೆಂದು ತಿಳಿದು ವೈದ್ಯರು ನೀರನ್ನು ತೆಗೆದರೆಂದೆನಷ್ಟೆ. ವಾಂತಿ ನಿಂತಿತು. ಆದರೆ ಕೆಲವೇ ದಿನಗಳಲ್ಲಿ ಮಾವ ಬೇರೆ ಮನುಷ್ಯರಾದಂತೆ ಕಂಡರು. ಹದಿಮೂರು ವರ್ಷ ನಾಲ್ಕು ತುತ್ತಿಗೆ ಕೈತೊಳೆದವರು ಎರಡನೆಯ ಸಲ ಅನ್ನ ಹಾಕಿಸಿಕೊಂಡರು; ಮೂರನೆಯ ಸಲ ಕೇಳಲು ನಾಚಿಕೊಂಡು ಎದ್ದರು. ರಾತ್ರಿ ಅಡಿಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆಯುವ ಸದ್ದು ಕೇಳಿಸುತ್ತಿತ್ತು. ಎರಡು ತಿಂಗಳಲ್ಲಿ ತೂಕವೂ ಸಕ್ಕರೆಯೂ ಏರಿದವು. ಮಗ ಉಣ್ಣುವುದಿಲ್ಲವೆಂದು ಕೊರಗುತ್ತಿದ್ದ ಅಜ್ಜಿಯೇ “ಇವನಿಗೆ ಬಾಯಿಕಟ್ಟಲು ತಿಳಿಯದು” ಎಂದು ನೆರೆಯವರೊಡನೆ ಹೇಳತೊಡಗಿದರು. ಕಾಲೇಜು ಕಲಿತ ನಾನಾದರೂ ಬುದ್ಧಿವಂತಿಕೆಯಿಂದ ವರ್ತಿಸಿದೆನೇ? ಒಂದು ದಿನ ಎಲ್ಲರ ಮುಂದೆಯೇ, “ಮಾವ, ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊಳ್ಳಿ” ಎಂದುಬಿಟ್ಟೆ.

ಮಾವ ಕೋಪಿಸಿಕೊಳ್ಳಲಿಲ್ಲ. “ಮನಸ್ಸು ಮೊನ್ನೆ ಇದ್ದದ್ದೇ ಮಗಾ. ನೀರು ಮಾತ್ರ ಇಲ್ಲ” ಎಂದರು.

ನಾನು ಓದಿದ ಪುಸ್ತಕಗಳಲ್ಲೆಲ್ಲ ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ಕಾಣೆ. ಮನುಷ್ಯ ಅವನೇ, ಮನಸ್ಸು ಅದೇ, ಅಡಿಗೆಯೂ ಅದೇ. ಬದಲಾದುದು ಕೆಲವು ಚಮಚೆ ಉಪ್ಪುನೀರು. ಆ ನೀರಿದ್ದಷ್ಟು ಕಾಲ ಊರವರು ಅವರನ್ನು ಸಂಯಮಿಯೆಂದು ಹೊಗಳಿದರು. ನೀರು ಹೋದೊಡನೆ ಹೊಟ್ಟೆಬಾಕನೆಂದು ಹಳಿದರು. ಹೊಗಳಿಕೆ ತೆಗಳಿಕೆಗಳೆರಡೂ ಮನುಷ್ಯನಿಗೆ ಸಲ್ಲತಕ್ಕವಾಗಿರಲಿಲ್ಲ. ಇಚ್ಛಾಶಕ್ತಿಗೆ ಬೆಲೆಯಿಲ್ಲವೆಂದು ನನ್ನ ವಾದವಲ್ಲ. ತುತ್ತಿಗೆ ಒಂದು ನಿಮಿಷ ಕಾಯುವುದಕ್ಕೂ ಮನಸ್ಸು ಬೇಕು. ಆದರೆ ಗಂಟೆ ಕೇಳಿಸಿದಾಗ ಏಳುವವನನ್ನೂ, ಗಂಟೆಯೇ ಬಾರಿಸದ ಮನೆಯಲ್ಲಿ ಮಲಗಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಪಥ್ಯ ಮಾಡಿ ತೂಕ ಇಳಿಸಿಕೊಂಡವರ ರಕ್ತದಲ್ಲಿ ಹಸಿವಿನ ದೂತನಾದ ಗ್ರೆಲಿನ್ ಮೊದಲಿಗಿಂತ ಹೆಚ್ಚುವುದೆಂದು 2002ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಬಾಯಿಕಟ್ಟಿದಷ್ಟೂ ಹಸಿವಿನ ಕೂಗು ಜೋರಾಗುತ್ತದೆ ಎಂದಾಯಿತು.

ಇದು ನಮ್ಮೊಂದು ಮನೆಯ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 30 ಮಂದಿಯ ತೂಕ ಇರಬೇಕಾದುದಕ್ಕಿಂತ ಹೆಚ್ಚು. ಅದೇ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 17 ಮಂದಿಯ ತೂಕ ಇರಬೇಕಾದುದಕ್ಕಿಂತ ಕಡಮೆ. ಹಸಿವೂ ಅತಿಪುಷ್ಟಿಯೂ ಒಂದೇ ಬೀದಿಯಲ್ಲಿ, ಕೆಲವೊಮ್ಮೆ ನಮ್ಮ ಮನೆಯಂತೆ ಎರಡು ತಲೆಮಾರಿನ ಅಂತರದಲ್ಲಿ ಒಂದೇ ಮಾಡಿನ ಅಡಿಯಲ್ಲಿ, ವಾಸವಾಗಿವೆ.

ಪಟ್ಟಿಯನ್ನು ಹೊಗಳಲು ಹೊರಟಿದ್ದೇನೆಂದು ಯಾರೂ ತಿಳಿಯಬಾರದು. ಅದರ ಕಾಲ ಬಹುಮಟ್ಟಿಗೆ ಮುಗಿದಿದೆ. ಪಟ್ಟಿ ಜಾರುವುದು, ಜಠರದ ಗೋಡೆಯನ್ನು ಕೊರೆಯುವುದು, ನಳಿಗೆ ಸೋರುವುದು, ಅನ್ನನಾಳ ಹಿಗ್ಗುವುದು ಮೊದಲಾದ ತೊಂದರೆಗಳಿಂದ ಅನೇಕರು ಅದನ್ನು ತೆಗೆಸಿಕೊಳ್ಳಬೇಕಾಯಿತು. 2011ರಲ್ಲಿ ಅಮೆರಿಕದಲ್ಲಿ ತೂಕ ಇಳಿಸಲೆಂದು ನಡೆದ ಶಸ್ತ್ರಚಿಕಿತ್ಸೆಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಪಟ್ಟಿಯವಾಗಿದ್ದವು. 2018ರ ಹೊತ್ತಿಗೆ ಅವು ನೂರಕ್ಕೆ ಒಂದರಷ್ಟಕ್ಕೆ ಇಳಿದವು. ಜಠರದ ಬಹುಭಾಗವನ್ನು ಕತ್ತರಿಸಿ ತೆಗೆದು ಅದನ್ನು ತೋಳಿನಂತೆ ಸಪೂರವಾಗಿಸುವ ಚಿಕಿತ್ಸೆ ಆ ಸ್ಥಾನವನ್ನು ಪಡೆಯಿತು. ಅದರಿಂದ ಗ್ರೆಲಿನ್ ಹೊರಡುವ ಭಾಗವೂ ಹೋಗುವುದರಿಂದ ಹಸಿವಿನ ಕೂಗೇ ತಗ್ಗುತ್ತದೆ. ಕರುಳಿನ ಜಿ.ಎಲ್.ಪಿ.-1 ದೂತನನ್ನು ಅನುಕರಿಸುವ ಚುಚ್ಚುಮದ್ದುಗಳು 2025ರಲ್ಲಿ ನಮ್ಮ ದೇಶದಲ್ಲಿಯೂ ತೂಕ ಇಳಿಸಲೆಂದು ಮಾರಾಟಕ್ಕೆ ಬಂದಿವೆ. ಆಗ ಬೆಲೆ ಮಾತ್ರ ನಮ್ಮಂಥವರ ಕೈಗೆ ಎಟಕುವಂತಿರಲಿಲ್ಲ. ದಾರಿಗಳು ಬೇರೆಬೇರೆಯಾದರೂ ಎಲ್ಲವೂ ಮಾಡುವ ಕೆಲಸ ಒಂದೇ: ಮಿದುಳಿಗೆ ‘ಸಾಕು’ ಎಂಬ ಸುದ್ದಿಯನ್ನು ಮುಟ್ಟಿಸುವುದು. ಪಟ್ಟಿ ಮರೆಯಾದರೂ ಅದು ಕಲಿಸಿದ ಪಾಠ ಉಳಿದಿದೆ.

ಮಾವನ ಪಟ್ಟಿಯನ್ನೂ ಕೆಲವು ತಿಂಗಳ ಬಳಿಕ ತೆಗೆದರು. ಮುಂದೇನೆಂಬುದನ್ನು ವೈದ್ಯರೊಡನೆ ಮಾತನಾಡುತ್ತಿದ್ದೇವೆ. ಅಂದು ಹೇಳಲಾರದೆ ಹೋದ ಕಾಗದದ ಅರ್ಥವನ್ನು ಒಂದು ಸಂಜೆ ಚಾವಡಿಯಲ್ಲಿ ಕುಳಿತು ಅಜ್ಜಿಗೆ ಹೇಳಿದೆ. ಹೊಟ್ಟೆ ಮಡಕೆಯಲ್ಲ, ಅದು ಸುದ್ದಿ ಕಳುಹಿಸುವ ಕಚೇರಿ ಎಂದೆಲ್ಲ ವಿವರಿಸಿದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: “ಹಾಗಾದರೆ ನಾವು ಗಂಜಿಯ ತಿಳಿ ಕುಡಿದು ಹೊಟ್ಟೆ ತುಂಬಿತೆಂದು ಮಲಗುತ್ತಿದ್ದೆವಲ್ಲ, ಅದು ಸುಳ್ಳೇ?”

ಸುಳ್ಳಲ್ಲ ಅಜ್ಜಿ ಎಂದೆ. ನೀರಿನಿಂದ ಜಠರ ಹಿಗ್ಗಿತು. ತುಂಬಿತೆಂದು ಅದು ಸುದ್ದಿ ಕಳುಹಿಸಿತು. ಆದರೆ ನೀರು ಬೇಗನೆ ಇಳಿದುಹೋಯಿತು. ಕರುಳು ಹುಡುಕಿದಾಗ ಅಲ್ಲಿ ಆಹಾರವಿರಲಿಲ್ಲ. ಆದುದರಿಂದ ಸಾಕೆಂಬ ಸುದ್ದಿ ಹೋಗಲೇ ಇಲ್ಲ.

“ಹೌದು, ನಡುರಾತ್ರಿ ಎಚ್ಚರವಾಗುತ್ತಿತ್ತು” ಎಂದರು ಅಜ್ಜಿ. ಸ್ವಲ್ಪ ಹೊತ್ತಿನ ಮೇಲೆ, “ಅವನಿಗೂ ಈಗ ಹಾಗೆಯೇ ಆಗುವುದೋ?” ಎಂದು ಕೇಳಿದರು. ಹೌದೆಂದೆ.

ಅಂದಿನಿಂದ ಮಾವನ ಊಟದ ಬಗ್ಗೆ ಅವರು ನೆರೆಯವರೊಡನೆ ಮಾತೆತ್ತಿದ್ದನ್ನು ನಾನು ಕೇಳಿಲ್ಲ. ಬಡಿಸುವಾಗ ‘ಇನ್ನು ಸ್ವಲ್ಪ’ ಎಂದು ಒತ್ತಾಯಿಸುವುದೂ ಇಲ್ಲ, ತಡೆಯುವುದೂ ಇಲ್ಲ. ಸೌಟನ್ನು ಹಿಡಿದು ನಿಂತು, “ಸಾಕಾ ಮಗಾ?” ಎಂದು ಕೇಳಿ, ಅವರು ಉತ್ತರ ಹೇಳುವವರೆಗೆ ಕಾಯುತ್ತಾರೆ.